ಮಳೆಗಾಲದ ಮನೆಯಲ್ಲಿ ಜೀವಕೋಶ ನೋಡುವ ಬಗೆ

ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿದ ಮಕ್ಕಳೆಲ್ಲ ಒಂದೇ ಮಾತು ಹೇಳುತ್ತಾರೆ: "ಸಾರ್, ಪೊರೆ ಕಂಡಿತು." ತೀರ್ಥಹಳ್ಳಿ ಸೀಮೆಯ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟ ಅಷ್ಟೂ ವರ್ಷ ಈ ಮಾತು ಕೇಳಿದ್ದೇನೆ. ಮೊದಮೊದಲು ನಾನೂ ಹೌದು ಅಂದುಬಿಡುತ್ತಿದ್ದೆ. ಆದರೆ ಅವರಿಗೆ ಕಂಡದ್ದು ಜೀವಕೋಶವನ್ನು ಸುತ್ತುವರಿದ ತೆಳು ಪೊರೆಯಲ್ಲ, ಅದರ ಹೊರಗಿನ ಗೋಡೆ. ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ತಲೆಗೂದಲಿನ ಒಂದೆಳೆಯ ದಪ್ಪಕ್ಕೆ ಸರಿಗಟ್ಟಬೇಕಾದರೆ ಇಂಥ ಹತ್ತು ಸಾವಿರ ಪೊರೆಗಳನ್ನಾದರೂ ಪೇರಿಸಬೇಕು. ಬೆಳಕಿನಿಂದ ಕೆಲಸ ಮಾಡುವ ಮಾಮೂಲಿ ಸೂಕ್ಷ್ಮದರ್ಶಕ ಎಷ್ಟೇ ದುಬಾರಿಯದಾಗಿರಲಿ, ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸಲಾರದು. ಪೊರೆಯ ದಪ್ಪ ಅದರ ಇಪ್ಪತ್ತೈದನೇ ಒಂದು ಪಾಲು.

ಹಾಗಂತ ಕೈಚೆಲ್ಲಿ ಕೂರಬೇಕಾಗಿಲ್ಲ. ಪೊರೆ ಕಾಣದಿದ್ದರೂ ಅದು ಯಾವುದನ್ನು ಒಳಗೆ ಬಿಟ್ಟಿತು, ಯಾವುದನ್ನು ತಡೆಯಿತು, ಸತ್ತ ಮೇಲೆ ಏನೇನು ಸೋರಿತು ಎಂಬುದೆಲ್ಲ ಬರಿಗಣ್ಣಿಗೂ ಕಾಣುತ್ತದೆ. ಕೆಳಗಿನ ಹೆಜ್ಜೆಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ. ಬೇಕಾಗುವ ವಸ್ತುಗಳಲ್ಲಿ ಹೆಚ್ಚಿನವು ಮಳೆಗಾಲದ ಮಲೆನಾಡಿನ ಅಂಗಳದಲ್ಲಿ, ಅಡುಗೆಮನೆಯಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

ಸಾಮಾನು ಹೊಂದಿಸಿಕೊಳ್ಳುವುದು

ಶಾಲೆಯಲ್ಲಿರುವಂಥ ಸಾಧಾರಣ ಸೂಕ್ಷ್ಮದರ್ಶಕ ಸಾಕು. ಕಣ್ಣಿನ ಕಡೆಯ ಮಸೂರ 10 ಪಟ್ಟಿನದು, ಕೆಳಗಿನವು 10 ಮತ್ತು 40 ಪಟ್ಟಿನವು ಇದ್ದರೆ ಒಟ್ಟು 100 ಮತ್ತು 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದಿಲ್ಲದವರು ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ತರಿಸಿಕೊಳ್ಳಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ ಇದು ಸುಮಾರು 140 ಪಟ್ಟು ದೊಡ್ಡದು ಮಾಡುತ್ತದೆ, ಮೊಬೈಲ್ ಕ್ಯಾಮೆರಾಕ್ಕೂ ಅಂಟಿಕೊಳ್ಳುತ್ತದೆ. ಏನೂ ಇಲ್ಲದವರು ಆಲೂಗಡ್ಡೆ, ಬೀಟ್‌ರೂಟ್, ಸೋಪಿನ ಹೆಜ್ಜೆಗಳಿಗೆ ನೇರ ಹೋಗಿ. ಅವಕ್ಕೆ ಮಸೂರವೇ ಬೇಡ.

ಉಳಿದಂತೆ ಗಾಜಿನ ಸ್ಲೈಡು, ಅದರ ಮೇಲೆ ಮುಚ್ಚುವ ತೆಳು ಕವರ್‌ಸ್ಲಿಪ್, ಹೊಸ ಬ್ಲೇಡು, ಡ್ರಾಪರ್, ಟಿಶ್ಯೂ ಕಾಗದ, ಔಷಧಿ ಅಂಗಡಿಯ ಪೋವಿಡೋನ್ ಅಯೋಡಿನ್, ಉಪ್ಪು, ಸಕ್ಕರೆ. ಬ್ಲೇಡು ದೊಡ್ಡವರ ಕೈಯಲ್ಲಿರಲಿ.

ನಮ್ಮ ಕಡೆ ಮಸೂರದ ಮೊದಲ ಶತ್ರು ಬೂಷ್ಟು. ಆರಿದ್ರಾ ಮಳೆ ಹಿಡಿದ ಮೇಲೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಯಾವುದನ್ನೂ ಬಿಡದ ಬೂಷ್ಟು ಗಾಜನ್ನು ಬಿಟ್ಟೀತೇ? ಜೂನ್‌ನಲ್ಲಿ ಕಪಾಟಿನಲ್ಲಿಟ್ಟು ಮರೆತ ಮಸೂರವೊಂದನ್ನು ಗಣೇಶನ ಹಬ್ಬದ ಹೊತ್ತಿಗೆ ಹೊರತೆಗೆದರೆ ಒಳಗೆ ಜೇಡನ ಬಲೆಯಂಥ ಎಳೆ ಹಬ್ಬಿತ್ತು. ಎಷ್ಟು ಒರೆಸಿದರೂ ಗುರುತು ಹೋಗಲಿಲ್ಲ. ಆಮೇಲೆ ಬುದ್ಧಿ ಬಂತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ. ಅದಿಲ್ಲದಿದ್ದರೆ ಬಾಣಲೆಯಲ್ಲಿ ಗರಿಗರಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಡಿ, ವಾರಕ್ಕೊಮ್ಮೆ ಮತ್ತೆ ಹುರಿಯಿರಿ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಕಿಟ್ಟ ಕಟ್ಟುತ್ತದೆ.

ಮೊದಲ ಹೆಜ್ಜೆ: ಪಾಗಾರದ ಪಾಚಿ

ಪುಸ್ತಕಗಳೆಲ್ಲ ಈರುಳ್ಳಿಯಿಂದ ಶುರು ಮಾಡುತ್ತವೆ. ಮಲೆನಾಡಿನವರು ಪಾಚಿಯಿಂದ ಶುರು ಮಾಡುವುದು ಲೇಸು. ಜೂನ್ ಕಳೆದರೆ ಜಂಬಿಟ್ಟಿಗೆಯ ಪಾಗಾರ, ಹಂಚು, ಬಾವಿಕಟ್ಟೆ, ಅಡಿಕೆ ಮರದ ಬುಡ ಎಲ್ಲೆಲ್ಲೂ ಮಖಮಲ್ಲಿನಂತೆ ಪಾಚಿ ಹಬ್ಬಿರುತ್ತದೆ. ಕಾಲು ಜಾರಿಸುವ ನುಣುಪು ಹಾವಸೆ ಅಲ್ಲ, ಕೈಗೆ ಮೆತ್ತಗೆ ಸಿಗುವ, ಪುಟ್ಟಪುಟ್ಟ ಎಲೆಗಳಿರುವ ಪಾಚಿ. ಅದರ ಎಲೆ, ನಡುವಿನ ನರವೊಂದನ್ನು ಬಿಟ್ಟರೆ, ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ಕತ್ತರಿಸುವ ಕಷ್ಟವಿಲ್ಲ, ಬಣ್ಣ ಹಾಕುವ ಗೋಜಿಲ್ಲ.

ಒಂದು ಎಲೆಯನ್ನು ಸೂಜಿ ಮೊನೆಯಿಂದ ಬಿಡಿಸಿ ಸ್ಲೈಡಿನ ಮೇಲಿನ ನೀರಿನ ಹನಿಯಲ್ಲಿ ಮಲಗಿಸಿ. ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಆಮೇಲೆ ನಿಧಾನಕ್ಕೆ ಇನ್ನೊಂದು ಅಂಚು ಇಳಿಸಿ. ಧೊಪ್ಪನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ, ಗುಂಡಗೆ ಹೊಳೆಯುವ ಏನೋ ಕಂಡು ಸಂಭ್ರಮ ಉಕ್ಕಿದರೆ ತಡೆದುಕೊಳ್ಳಿ, ಅದು ಗುಳ್ಳೆ. ನನ್ನ ಶಿಷ್ಯರಲ್ಲಿ ಮುಕ್ಕಾಲು ಪಾಲು ಮಂದಿ ಮೊದಲ ದಿನ ಪಟ್ಟಿಯಲ್ಲಿ ಬರೆದುಕೊಂಡು ಬಂದ "ಜೀವಕೋಶ" ಇದೇ.

ಮೊದಲು 100 ಪಟ್ಟಿನಲ್ಲಿ ಹುಡುಕಿ, ಆಮೇಲೆ 400ಕ್ಕೆ ಹೋಗಿ. ಜೇನುಹಟ್ಟಿನ ಕಣ್ಣುಗಳಂತೆ ಒಂದಕ್ಕೊಂದು ಅಂಟಿದ ಮನೆಗಳು, ಒಳಗೆ ಹಸಿರು ಬಿಲ್ಲೆಗಳು. ಬಿಲ್ಲೆಗಳು ಕ್ಲೋರೋಪ್ಲಾಸ್ಟ್‌ಗಳು, ಬಿಸಿಲಿನಿಂದ ಸಕ್ಕರೆ ಮಾಡುವ ಜಾಗ. ಮನೆಗಳ ನಡುವಿನ ಗೆರೆ ಕೋಶಭಿತ್ತಿ, ಸೆಲ್ಯುಲೋಸ್ ನಾರಿನ ಗೋಡೆ. ಪೊರೆ ಆ ಗೋಡೆಗೆ ಒಳಗಿನಿಂದ ಒತ್ತಿಕೊಂಡು ಕೂತಿದೆ. ಅದನ್ನು ಗೋಡೆಯಿಂದ ಬಿಡಿಸುವವರೆಗೆ ನಮಗೆ ಅದರ ಸುಳಿವು ಸಿಗುವುದಿಲ್ಲ.

ಎರಡನೇ ಹೆಜ್ಜೆ: ಈರುಳ್ಳಿ, ಕೋಶಕೇಂದ್ರಕ್ಕಾಗಿ ಮಾತ್ರ

ಪಾಚಿಯಲ್ಲಿ ಹಸಿರು ತುಂಬಿ ಕೋಶಕೇಂದ್ರ ಮರೆಯಾಗುತ್ತದೆ. ಅದಕ್ಕೆ ಈರುಳ್ಳಿಯೇ ಸರಿ. ಒಳಪದರವೊಂದನ್ನು ಮುರಿದರೆ ಒಳಮೈಯಿಂದ ಗಾಳಿಪಟದ ಕಾಗದದಂಥ ತೆಳು ಸಿಪ್ಪೆ ಏಳುತ್ತದೆ. ಸುಕ್ಕಾಗದಂತೆ ಸ್ಲೈಡಿಗೆ ಹರಡಿ, ನೀರು ಬೆರೆಸಿ ತಿಳಿಯಾಗಿಸಿದ ಅಯೋಡಿನ್ ಒಂದು ಹನಿ ಬಿಡಿ, ಎರಡು ನಿಮಿಷ ಕಾಯಿರಿ. ಉದ್ದನೆಯ ಇಟ್ಟಿಗೆಗಳ ಸಾಲಿನಲ್ಲಿ ಪ್ರತಿ ಇಟ್ಟಿಗೆಗೊಂದು ಹಳದಿ ಮಿಶ್ರಿತ ಕಂದು ಚುಕ್ಕೆ ಕಂಡರೆ ಅದು ಕೋಶಕೇಂದ್ರ. ಎಷ್ಟೋ ಸಲ ಅದು ನಡುವೆ ಇರುವುದಿಲ್ಲ, ಒಂದು ಗೋಡೆಗೆ ಒರಗಿರುತ್ತದೆ. ನಡುಜಾಗವನ್ನು ರಸದಾನಿ ಎಂಬ ದೊಡ್ಡ ನೀರಿನ ಚೀಲ ಆಕ್ರಮಿಸಿರುವುದೇ ಕಾರಣ.

1665ರಲ್ಲಿ ರಾಬರ್ಟ್ ಹುಕ್ ಬಿರಡೆ ಮರದ ತೊಗಟೆಯನ್ನು ಸೀಳಿ ನೋಡಿ, ಜೇನುಹಟ್ಟಿನ ಕಣ್ಣುಗಳಂತಿವೆ ಅಂತ ಹೇಳಿ ಇವಕ್ಕೆ ಕೋಶ ಎಂಬ ಅರ್ಥದ ಹೆಸರಿಟ್ಟ. ಅವನಿಗೆ ಕಂಡದ್ದೂ ನನ್ನ ಶಿಷ್ಯರಿಗೆ ಕಂಡದ್ದೇ: ಬರೀ ಗೋಡೆ, ಅದೂ ಸತ್ತ ಕೋಶಗಳದ್ದು. ಒಳಗಿನ ಚುಕ್ಕೆಗೆ ಹೆಸರು ಬರಲು ನೂರೈವತ್ತು ವರ್ಷಕ್ಕೂ ಮೇಲೆ ಹಿಡಿಯಿತು. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಕೋಶಗಳಲ್ಲಿ ಅದನ್ನು ಗುರುತಿಸಿ ನ್ಯೂಕ್ಲಿಯಸ್ ಅಂದ. ನಮ್ಮ ಹಲಸಿನ ಮರಗಳಲ್ಲಿ ಜೋತಾಡುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಉದುರಿದ ಹೂದಳದ ಸಿಪ್ಪೆ ಸಿಕ್ಕರೆ ಅಯೋಡಿನ್ ಹಾಕಿ ನೋಡಿ.

ಪುಸ್ತಕದ ಚಿತ್ರದಲ್ಲಿರುವ ಕೋಶದ ಇತರ ಅಂಗಗಳು, ಅಂದರೆ ಮೈಟೋಕಾಂಡ್ರಿಯಾ, ಗಾಲ್ಗಿ, ರೈಬೋಸೋಮ್ ಇಲ್ಲಿ ಕಾಣುವುದಿಲ್ಲ. ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ.

ಮೂರನೇ ಹೆಜ್ಜೆ: ಪೊರೆಯನ್ನು ಗೋಡೆಯಿಂದ ಬಿಡಿಸುವುದು

ಇಡೀ ಲೇಖನದಲ್ಲಿ ಒಂದೇ ಒಂದು ಪ್ರಯೋಗ ಮಾಡುವ ಪುರುಸೊತ್ತಿದ್ದರೆ ಇದನ್ನು ಮಾಡಿ.

ಅಂಗಳದ ಅಂಚಿಗೆ, ತುಳಸಿಕಟ್ಟೆಯ ಸುತ್ತ ನೆಡುವ ರಿಯೋ ಗಿಡ ನಿಮಗೆ ಗೊತ್ತಿರುತ್ತದೆ, ಹೆಸರು ಗೊತ್ತಿಲ್ಲದಿರಬಹುದು. ಕತ್ತಿಯಂಥ ಎಲೆ, ಮೇಲೆ ಹಸಿರು, ಅಡಿಯಲ್ಲಿ ನೇರಳೆ, ಬುಡದಲ್ಲಿ ದೋಣಿಯಂಥ ಚಿಪ್ಪಿನೊಳಗೆ ಪುಟ್ಟ ಬಿಳಿ ಹೂ. ಎಲೆಯನ್ನು ಓರೆಯಾಗಿ ಹರಿದರೆ ಅಡಿಯ ನೇರಳೆ ಸಿಪ್ಪೆ ಅಂಚಿನಲ್ಲಿ ಪಾರದರ್ಶಕವಾಗಿ ಎದ್ದು ಬರುತ್ತದೆ. ಉಗುರಿನ ಕಾಲು ಭಾಗದಷ್ಟು ತುಂಡು ಸಾಕು. ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈ ತೊಳೆದುಕೊಳ್ಳಿ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ಪದರದ ಹೊರಮೈಯಿಂದ ಎಬ್ಬಿಸಿದ ಬಣ್ಣದ ಸಿಪ್ಪೆಯೂ ನಡೆಯುತ್ತದೆ.

ಸಿಪ್ಪೆಯನ್ನು ಮಾಮೂಲಿ ನೀರಿನಲ್ಲಿಟ್ಟು ಮೊದಲು ನೋಡಿ. ಷಟ್ಕೋನದ ನೇರಳೆ ಬಿಲ್ಲೆಗಳು, ಬಣ್ಣ ಗೋಡೆಯಿಂದ ಗೋಡೆಗೆ ತುಂಬಿದೆ. ಚಿತ್ರ ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಈಗ ಅರ್ಧ ಲೋಟ, ಅಂದರೆ ಸುಮಾರು 100 ಮಿಲಿಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿ. ಕವರ್‌ಸ್ಲಿಪ್ಪಿನ ಒಂದು ಬದಿಗೆ ಈ ಉಪ್ಪುನೀರಿನ ಹನಿ ಇಟ್ಟು, ಎದುರು ಬದಿಗೆ ಟಿಶ್ಯೂ ತಾಗಿಸಿ. ಹಳೆಯ ನೀರನ್ನು ಟಿಶ್ಯೂ ಹೀರಿದಂತೆ ಉಪ್ಪುನೀರು ಅಡಿಯಿಂದ ಹರಿದು ಬರುತ್ತದೆ. ಕಣ್ಣು ತೆಗೆಯಬೇಡಿ.

ಎರಡು ಮೂರು ನಿಮಿಷದೊಳಗೆ ಬಣ್ಣ ಮೂಲೆಗಳಿಂದ ಬಿಟ್ಟುಕೊಳ್ಳುತ್ತದೆ. ಗೋಡೆ ಇದ್ದಲ್ಲೇ ಇದೆ, ಷಟ್ಕೋನ ಷಟ್ಕೋನವಾಗಿಯೇ ಉಳಿದಿದೆ, ನೇರಳೆ ಮಾತ್ರ ಕುಗ್ಗಿ ಕುಗ್ಗಿ ಗುಂಡಗಾಗುತ್ತದೆ. ಒಳಗಿನ ನೀರು ಹೊರಗೆ ಹೋಯಿತು, ಬಣ್ಣ ಹೋಗಲಿಲ್ಲ. ಹೊರಗಿನ ಉಪ್ಪು ಗೋಡೆಯನ್ನು ದಾಟಿ ಖಾಲಿಯಾದ ಜಾಗಕ್ಕೆ ಬಂತು, ಅದಕ್ಕಿಂತ ಒಳಗೆ ಹೋಗಲಾಗಲಿಲ್ಲ. ಅಂದರೆ ಗೋಡೆ ಉಪ್ಪಿಗೂ ನೀರಿಗೂ ತೆರೆದ ಬೇಲಿ, ಅದರ ಒಳಗೆ ನೀರನ್ನು ಬಿಟ್ಟು ಉಪ್ಪನ್ನೂ ಬಣ್ಣವನ್ನೂ ತಡೆಯುವ ಇನ್ನೊಂದು ಏನೋ ಇದೆ. ಆ "ಏನೋ" ಪೊರೆ. ಗುಂಡಗಾದ ನೇರಳೆಯ ಅಂಚನ್ನು ಬೆರಳಿಟ್ಟು ತೋರಿಸಿ, ಪೊರೆ ಇಲ್ಲೇ ಎಲ್ಲೋ ಇದೆ ಅಂತ ಹೇಳಬಹುದು. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ, ಯಾಕೆಂದರೆ ಬಣ್ಣ ಇರುವುದು ರಸದಾನಿಯೊಳಗೆ. ಅದಕ್ಕೂ ತನ್ನದೇ ಪೊರೆಯಿದೆ. ಅದರ ಹೊರಗೆ ತೆಳುವಾದ ಕೋಶದ್ರವ್ಯ, ಅದರ ಹೊರಗೆ ಕೋಶದ ಪೊರೆ. ಅಂಚಿನ ಆ ಒಂದು ಗೆರೆಯಲ್ಲಿ ಇಷ್ಟೂ ಸೇರಿಕೊಂಡಿದೆ.

ತಡಮಾಡದೆ ಅದೇ ಟಿಶ್ಯೂ ಉಪಾಯದಿಂದ ಮಾಮೂಲಿ ನೀರು ಹಾಯಿಸಿ. ನೇರಳೆ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ. ಉಪ್ಪಿನಲ್ಲಿ ತುಂಬ ಹೊತ್ತು ಬಿಟ್ಟಿದ್ದರೆ ಉಬ್ಬುವುದಿಲ್ಲ, ಬಣ್ಣ ಹರಡಿ ಮಸುಕಾಗುತ್ತದೆ. ಕೋಶ ಸತ್ತಿದೆ ಅಂತ ಅರ್ಥ. ನೀರು ಹೀಗೆ ಪೊರೆಯ ಮೂಲಕ, ಕರಗಿದ ವಸ್ತು ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹೋಗುವುದಕ್ಕೆ ಅಭಿಸರಣೆ ಅನ್ನುತ್ತಾರೆ.

ಹೆಸರು ಹೊಸದಿರಬಹುದು, ಕೆಲಸ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಬೇಕು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಪಾತ್ರೆಯಲ್ಲಿ ಕೆರೆ ನಿಲ್ಲುತ್ತದೆ. ಅಪ್ಪೆಮಿಡಿಯನ್ನು ಕಲ್ಲುಪ್ಪಿನೊಂದಿಗೆ ಭರಣಿಯಲ್ಲಿ ಪದರ ಪದರವಾಗಿ ತುಂಬಿದಾಗ ನಾವು ಒಂದು ಹನಿ ನೀರು ಹಾಕಿರುವುದಿಲ್ಲ. ಕೆಲವು ದಿನ ಕಳೆದು ಮುಚ್ಚಳ ತೆಗೆದರೆ ಮಿಡಿ ಚಿರುಟಿ, ಉಪ್ಪುನೀರು ತೇಲಾಡುತ್ತಿರುತ್ತದೆ. ಆ ನೀರೆಲ್ಲ ಮಿಡಿಯ ಕೋಶಗಳದ್ದು. ಉಪ್ಪಿನಕಾಯಿ ಕೆಡಿಸಲು ಬಂದ ಸೂಕ್ಷ್ಮಜೀವಿಗಳ ನೀರನ್ನೂ ಉಪ್ಪು ಹೀಗೇ ಹಿಂಡುತ್ತದೆ. ತೋಟಕ್ಕೆ ಹೋಗುವಾಗ ಕಾಲಿಗೆ ಹತ್ತಿದ ಉಂಬಳಕ್ಕೆ ಉಪ್ಪು ತಾಗಿಸಿದರೆ ಅದು ಮುದುಡಿ ಉದುರುವುದರ ಹಿಂದೆಯೂ ಇದೇ ಲೆಕ್ಕ.

ನಾಲ್ಕನೇ ಹೆಜ್ಜೆ: ಹಸಿ ಆಲೂಗಡ್ಡೆ, ಬೆಂದ ಆಲೂಗಡ್ಡೆ

ಎರಡು ದೊಡ್ಡ ಆಲೂಗಡ್ಡೆ ತೆಗೆದುಕೊಳ್ಳಿ. ಒಂದನ್ನು ಬೇಯಿಸಿ ಆರಿಸಿ, ತೀರಾ ಮೆತ್ತಗಾಗುವುದು ಬೇಡ. ಎರಡರ ಬುಡವನ್ನೂ ಸಮನಾಗಿ ಕೊಯ್ದು ಕೂರುವಂತೆ ಮಾಡಿ, ಕೆಳಗಿನ ಅರ್ಧದ ಸಿಪ್ಪೆ ಹೆರೆಯಿರಿ, ಮೇಲಿನಿಂದ ಚಮಚದಲ್ಲಿ ಗುಳಿ ತೋಡಿ. ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಎರಡನ್ನೂ ಕೂರಿಸಿ. ಎರಡು ಗುಳಿಗೂ ಒಂದೊಂದು ಚಮಚ ಸಕ್ಕರೆ. ಆಸಕ್ತಿಯಿದ್ದವರು ಸಕ್ಕರೆ ಹಾಕದ ಹಸಿ ಆಲೂಗಡ್ಡೆ ಇನ್ನೊಂದನ್ನೂ ಇಡಿ.

ಮೂರು ನಾಲ್ಕು ಗಂಟೆ ಬಿಟ್ಟು ನೋಡಿದರೆ ಹಸಿಯದರ ಗುಳಿಯಲ್ಲಿ ಸಕ್ಕರೆನೀರು ತುಂಬಿ ಏರಿರುತ್ತದೆ. ಬೆಂದದ್ದರಲ್ಲಿ ಸಕ್ಕರೆ ಒದ್ದೆಯಾದೀತು, ಮಟ್ಟ ಹಾಗೆ ಏರದು. ಗೋಡೆ ಎರಡರಲ್ಲೂ ಇದೆ. ಬೆಂದದ್ದರಲ್ಲಿ ಪೊರೆ ಹಾಳಾಗಿದೆ. ಅಲ್ಲಿ ನೀರೂ ಸಕ್ಕರೆಯೂ ತೋಚಿದ ಕಡೆ ಓಡಾಡುತ್ತವೆ, ತಡೆಯುವವರಿಲ್ಲ.

ಇದೇ ಪಾಠಕ್ಕೆ ವಿನೆಗರ್‌ನಲ್ಲಿ ಚಿಪ್ಪು ಕರಗಿಸಿದ ಮೊಟ್ಟೆ ತೋರಿಸುವ ರೂಢಿಯಿದೆ. ನೋಡಲು ಬಲು ಚೆಂದ, ಸಕ್ಕರೆ ಪಾಕದಲ್ಲಿ ಸೊರಗುತ್ತದೆ, ನೀರಿನಲ್ಲಿ ಉಬ್ಬುತ್ತದೆ. ಆದರೆ ಅಲ್ಲಿ ಕೈಗೆ ಸಿಗುವ ಚರ್ಮ ಜೀವಕೋಶದ ಪೊರೆಯಲ್ಲ, ಚಿಪ್ಪಿನ ಒಳಗಿನ ಪ್ರೋಟೀನ್ ನಾರಿನ ಹಾಳೆ. ಕೋಶದ ಪೊರೆಗೆ ಹೋಲಿಕೆಯಾಗಿ ತೋರಿಸಿ, ಇದೇ ಪೊರೆ ಅಂತ ಹೇಳಬೇಡಿ. ಮೊಟ್ಟೆ ಹೊಸಿಲು ದಾಟದ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ, ಅಲ್ಲಿ ಆಲೂಗಡ್ಡೆಯೇ ಕ್ಷೇಮ.

ಐದನೇ ಹೆಜ್ಜೆ: ಬೀಟ್‌ರೂಟ್ ಬಣ್ಣ ಬಿಡುವುದು ಯಾವಾಗ

ಬೀಟ್‌ರೂಟನ್ನು ಒಂದು ಸೆಂಟಿಮೀಟರ್ ಗಾತ್ರದ ಚೌಕಗಳಾಗಿ ಹೆಚ್ಚಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಬ್ಲೇಡಿಗೆ ಸಿಕ್ಕ ಕೋಶಗಳ ಬಣ್ಣ ಹೋಗಲಿ ಅಂತ. ನಾಲ್ಕು ಗಾಜಿನ ಲೋಟ ತೆಗೆದುಕೊಳ್ಳಿ: ಒಂದಕ್ಕೆ ತಣ್ಣೀರು, ಒಂದಕ್ಕೆ ಮೈಗೆ ಹಿತವಾದ ಉಗುರುಬೆಚ್ಚನೆಯ ನೀರು, ಒಂದಕ್ಕೆ ಬಚ್ಚಲ ಹಂಡೆಯಿಂದ ಕೈ ಅದ್ದಲಾಗದಷ್ಟು ಸುಡುನೀರು, ಕೊನೆಯದಕ್ಕೆ ಔಷಧಿ ಅಂಗಡಿಯ ಸ್ಪಿರಿಟ್. ಸ್ಪಿರಿಟ್ ಒಲೆಯಿಂದ ದೂರ ಇರಲಿ. ನಾಲ್ಕಕ್ಕೂ ಎರಡೆರಡು ಚೌಕ ಹಾಕಿ ಇಪ್ಪತ್ತು ನಿಮಿಷ ಕಾಯಿರಿ.

ತಣ್ಣೀರು, ಬೆಚ್ಚನೆಯ ನೀರು ಹೆಚ್ಚುಕಡಿಮೆ ತಿಳಿಯಾಗೇ ಉಳಿಯುತ್ತವೆ. ಸುಡುನೀರು ಕೆಂಪೇರುತ್ತದೆ, ಸ್ಪಿರಿಟ್‌ನಲ್ಲೂ ಬಣ್ಣ ಇಳಿಯುತ್ತದೆ. ಬೀಟ್‌ರೂಟಿನ ಕೆಂಪು ಹೊರಬರಬೇಕಾದರೆ ರಸದಾನಿಯ ಪೊರೆ, ಕೋಶದ ಪೊರೆ ಎರಡನ್ನೂ ದಾಟಬೇಕು. ಪೊರೆ ಕಟ್ಟಿರುವುದು ಕೊಬ್ಬು, ಪ್ರೋಟೀನ್‌ಗಳಿಂದ. ನೀರಿನ ಬಿಸಿ ಆ ಪ್ರೋಟೀನ್‌ಗಳನ್ನು ಕೆಡಿಸಿ, ಕೊಬ್ಬಿನ ಪದರವನ್ನು ಸಡಿಲಿಸುತ್ತದೆ. ಸ್ಪಿರಿಟ್ ಆ ಕೊಬ್ಬಿನ ಜೋಡಣೆಯನ್ನೇ ಕದಡುತ್ತದೆ. ಇನ್ನೊಂದು ಚೌಕವನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಗ್ಗೆ ತಣ್ಣೀರಿಗೆ ಹಾಕಿ ನೋಡಿ, ಅದೂ ಧಾರಾಳವಾಗಿ ಸೋರುತ್ತದೆ: ಮಂಜಿನ ಹರಳು ಪೊರೆಯನ್ನು ಹರಿದಿರುತ್ತದೆ.

ರಸದಾನಿಯಲ್ಲಿ ಬಣ್ಣ, ನೀರು ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ಪತ್ರೊಡೆಯ ಕೆಸುವಿನ ದಂಟನ್ನು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೆಳ್ಳಗೆ ಕೊಯ್ದು 400 ಪಟ್ಟಿನಲ್ಲಿ ನೋಡಿದರೆ ಅಲ್ಲಲ್ಲಿ ಸೂಜಿಗಳ ಕಟ್ಟು ಕಾಣುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು, ಗಿಡ ಪೊರೆಯ ಚೀಲದೊಳಗೆ ಬೆಳೆಸಿ ಕೂಡಿಟ್ಟ ಮುಳ್ಳು. ಗಂಟಲು ಕೆರೆಸುವುದರಲ್ಲಿ ಇವುಗಳದ್ದೇ ದೊಡ್ಡ ಪಾಲು.

ಆರನೇ ಹೆಜ್ಜೆ: ಪೊರೆ ಹೇಗೆ ಕಟ್ಟಿದೆ, ಸೋಪಿನ ಗುಳ್ಳೆಯಲ್ಲಿ

ತೆಂಗಿನ ಗರಿಯ ಕಡ್ಡಿಯನ್ನು ಬಳೆಯಷ್ಟಗಲ ಬಗ್ಗಿಸಿ ಕಟ್ಟಿ. ಪಾತ್ರೆ ತೊಳೆಯುವ ದ್ರವಕ್ಕೆ ಐದಾರು ಪಾಲು ನೀರು, ಸ್ವಲ್ಪ ಸಕ್ಕರೆ ಸೇರಿಸಿ ಕಡ್ಡಿಯನ್ನು ಅದ್ದಿ ಎತ್ತಿದರೆ ತೆಳು ಹಾಳೆ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿ ತೇವವಿರುವುದರಿಂದ ಹಾಳೆ ಬೇಗ ಒಣಗಿ ಒಡೆಯುವುದಿಲ್ಲ. ಮಲೆನಾಡಿಗೆ ಸಿಕ್ಕ ಒಂದು ಸಣ್ಣ ಅನುಕೂಲ. ಒಣ ಬೆರಳು ಚುಚ್ಚಿದರೆ ಒಡೆಯುತ್ತದೆ. ಬೆರಳನ್ನು ಸೋಪಿನ ನೀರಲ್ಲಿ ಅದ್ದಿ ಚುಚ್ಚಿ: ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಹಾಳೆ ಮತ್ತೆ ಕೂಡಿಕೊಳ್ಳುತ್ತದೆ.

ಸೋಪಿನ ಅಣುವಿಗೆ ನೀರೆಂದರೆ ಇಷ್ಟಪಡುವ ತಲೆ, ನೀರೆಂದರೆ ಆಗದ ಬಾಲ. ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುವೂ ಅಂಥದೇ, ಅದಕ್ಕೆ ಎರಡು ಬಾಲ. ಸೋಪಿನ ಹಾಳೆಯ ಎರಡೂ ಬದಿ ಗಾಳಿ, ಆದ್ದರಿಂದ ಬಾಲಗಳು ಹೊರಗೆ, ತಲೆಗಳು ಒಳಗಿನ ನೀರಿಗೆ. ಕೋಶದಲ್ಲಿ ಇದು ತಿರುಗುಮುರುಗು: ಹೊರಗೂ ನೀರು, ಒಳಗೂ ನೀರು, ಹಾಗಾಗಿ ತಲೆಗಳು ಎರಡೂ ಕಡೆಗೆ ಮುಖ ಮಾಡಿ, ಬಾಲಗಳು ನಡುವೆ ಒಂದಕ್ಕೊಂದು ಎದುರಾಗಿ ಅಡಗುತ್ತವೆ. ಎರಡು ಸಾಲು, ಯಾರೂ ಹೊಲಿದದ್ದಲ್ಲ, ನೀರಿನ ಹೆದರಿಕೆಯಿಂದ ತಾವೇ ಕಟ್ಟಿಕೊಂಡದ್ದು. ಹರಿದರೆ ಕೂಡಿಕೊಳ್ಳುವುದೂ ಅದಕ್ಕೇ.

ಎರಡು ಸಾಲು ಅಂತ ಮೊದಲು ಲೆಕ್ಕ ಹಾಕಿದವರು ನೆದರ್ಲೆಂಡ್ಸಿನ ಗಾರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಕಣಗಳ ಮೈಯ ವಿಸ್ತೀರ್ಣದ ಎರಡರಷ್ಟು ಜಾಗ ಹಿಡಿಯಿತು. ತಮಾಷೆಯೆಂದರೆ ಕೊಬ್ಬನ್ನು ಪೂರ್ತಿ ತೆಗೆಯಲು ಅವರಿಗೆ ಆಗಿರಲಿಲ್ಲ, ಕಣದ ವಿಸ್ತೀರ್ಣವನ್ನೂ ಕಡಿಮೆಯಾಗಿ ಅಳೆದಿದ್ದರು. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ ಉತ್ತರ ಸರಿಬಂತು. ಪರೀಕ್ಷೆಯಲ್ಲಿ ಹೀಗೆ ಅಂಕ ಗಿಟ್ಟಿಸಿದ ಹುಡುಗರನ್ನು ನಾನೂ ಬಲ್ಲೆ.

ಈ ಹಾಳೆ ಗಟ್ಟಿಯಲ್ಲ, ಎಣ್ಣೆಯಂತೆ ಹರಿದಾಡುತ್ತದೆ, ಅದರಲ್ಲಿ ಪ್ರೋಟೀನ್‌ಗಳು ತೇಲುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಕೊಟ್ಟರು. ಡಿಸೆಂಬರಿನ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದೆ, ಪಕ್ಕದ ಸೂರ್ಯಕಾಂತಿ ಎಣ್ಣೆ ಹಾಗೇ ಇರುತ್ತದೆ. ಕೊಬ್ಬರಿ ಎಣ್ಣೆಯ ಬಾಲಗಳು ಹೆಚ್ಚಾಗಿ ನೆಟ್ಟಗೆ, ಒತ್ತೊತ್ತಾಗಿ ಕೂರುತ್ತವೆ. ಇನ್ನೊಂದರ ಬಾಲಗಳಲ್ಲಿ ಮಡಿಕೆಗಳಿವೆ. ಪೊರೆಯೂ ಇದೇ ಜಾಣತನ ಬಳಸುತ್ತದೆ, ಚಳಿಗೆ ಒಗ್ಗುವ ಎಷ್ಟೋ ಜೀವಿಗಳು ಪೊರೆಯಲ್ಲಿ ಮಡಿಕೆಯ ಬಾಲಗಳನ್ನು ಹೆಚ್ಚಿಸಿಕೊಳ್ಳುತ್ತವೆ.

ಆಮ್ಲಜನಕದಂಥ ಪುಟ್ಟ ಅಣುಗಳು ಬಾಲಗಳ ನಡುವೆಯೇ ನುಸುಳುತ್ತವೆ. ನೀರು ಅಷ್ಟು ಸಲೀಸಾಗಿ ನುಸುಳಲಾರದು, ಅದಕ್ಕೆಂದೇ ಅಕ್ವಾಪೋರಿನ್ ಎಂಬ ಪ್ರೋಟೀನ್ ತೂಬುಗಳಿವೆ. ಇವನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಪಾಲು ಬಂತು. ಸೋಡಿಯಂ, ಪೊಟ್ಯಾಸಿಯಂಗಳನ್ನು ಪಂಪು ಹಾಕಿ ಸಾಗಿಸಬೇಕು: ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಪ್ರತಿ ಸುತ್ತಿಗೂ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಒಂದು ಖರ್ಚು. ಕರುಳಿನ ಕೋಶದಲ್ಲಿ ಸಕ್ಕರೆಯೂ ಸೋಡಿಯಂ ಕೂಡ ಒಂದೇ ಬಾಗಿಲಲ್ಲಿ ಜೊತೆಯಾಗಿ ಒಳಬರುತ್ತವೆ, ಅವುಗಳ ಹಿಂದೆ ನೀರು. ಭೇದಿಯಾದಾಗ ಬರೀ ನೀರು ಸಾಲದೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕುಡಿಸುವುದು ಇದಕ್ಕೇ.

ಕೋಶವನ್ನು ಕಾರ್ಖಾನೆಗೆ ಹೋಲಿಸುವ ಪಾಠಗಳು ನನಗೆ ಸೇರುವುದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಒಂದು ದಿನವೂ ತಾನಾಗಿ ಎರಡಾಗಿ ಸೀಳಿಕೊಂಡದ್ದನ್ನು ಯಾರೂ ನೋಡಿಲ್ಲ. ಒಂದು ಮಾತು ನೆನಪಿಟ್ಟರೆ ಸಾಕು: ಒಳಗಿನ ಅಂಗಗಳಲ್ಲಿ ಹೆಚ್ಚಿನವು ಇದೇ ಪೊರೆಯ ಚೀಲಗಳು. ಕೋಶಕೇಂದ್ರ, ಮೈಟೋಕಾಂಡ್ರಿಯಾ, ಕ್ಲೋರೋಪ್ಲಾಸ್ಟ್‌ಗಳಿಗೆ ಎರಡೆರಡು ಪೊರೆ, ರಸದಾನಿಗೆ ಒಂದು, ರೈಬೋಸೋಮಿಗೆ ಇಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಯ ವೈರಸ್ಸೂ ಹೊದ್ದುಕೊಳ್ಳುವುದು ನಮ್ಮ ಕೋಶದೊಳಗಿನ ಪೊರೆಯಿಂದ ಕದ್ದ ತುಂಡನ್ನೇ.

ತೋಟದವರಿಗೆ ಒಂದು ಮಾತು

ಗೋಡೆ ಇಲ್ಲದೆ ಬರೀ ಪೊರೆಯಲ್ಲಿ ಓಡಾಡುವ ಜೀವಿಯೊಂದು ನಮ್ಮ ಅಡಿಕೆ ಬೆಳೆಗಾರರ ನಿದ್ದೆ ಕೆಡಿಸುತ್ತದೆ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಮಳೆನೀರಿನಲ್ಲಿ ಬಿಡುವ ಈಜುಬೀಜಗಳಿಗೆ ಎರಡೆರಡು ಚಾವಟಿಗಳಿವೆ, ಗೋಡೆ ಇಲ್ಲ. ಕಾಯಿಗೆ ತಾಗಿ ನೆಲೆಯೂರಿದ ಮೇಲಷ್ಟೇ ಗೋಡೆ ಕಟ್ಟಿಕೊಂಡು ಒಳಗೆ ಬೇರು ಬಿಡುತ್ತವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾಗಿ ಬರೆದರು, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೂಢಿಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಶೇಕಡಾ 1ರ ದ್ರಾವಣ. ಕಾಯಿಯ ಮೇಲೆ ಮೊದಲೇ ಲೇಪವಾಗಿದ್ದರೆ ಅದರಿಂದ ಬಿಡುಗಡೆಯಾಗುವ ತಾಮ್ರ ಬೀಜಗಳನ್ನು ನೆಲೆಯೂರುವ ಮುನ್ನ ಕೊಲ್ಲುತ್ತದೆ. ಬೀಜ ಒಳಹೊಕ್ಕ ಮೇಲೆ ತಾಮ್ರದ ಆಟ ನಡೆಯದು. ಮಳೆ ಹಿಡಿಯುವ ಮುನ್ನವೇ ಔಷಧಿ ಹೊಡೆಯಿರಿ ಅಂತ ಹಿರಿಯರು ಗದರುವುದು ಸುಮ್ಮನೆ ಅಲ್ಲ.

ಏಳನೇ ಹೆಜ್ಜೆ: ನೀರು ಹೊರಹಾಕುವ ಪಂಪು

ಗೋಡೆಯಿಲ್ಲದ ಕೋಶ ಸಿಹಿನೀರಿನಲ್ಲಿ ಬದುಕುವುದು ಹೇಗೆ? ನೀರು ಒಳನುಗ್ಗಿ ಒಡೆಯಬೇಕಲ್ಲ? ನಮ್ಮ ಕೆಂಪು ರಕ್ತಕಣ ಬರೀ ನೀರಿನಲ್ಲಿ ಹಾಗೆಯೇ ಒಡೆಯುತ್ತದೆ. ಆಸ್ಪತ್ರೆಯ ಡ್ರಿಪ್ಪಿನಲ್ಲಿ ಶೇಕಡಾ 0.9ರ ಉಪ್ಪು ಇರುವುದು ಆ ಕಾರಣಕ್ಕೆ. ಕೆರೆನೀರಿನಲ್ಲಿ ಈಜಾಡುವ ಪ್ಯಾರಾಮೀಸಿಯಂ ಎಂಬ ಒಂದೇ ಕೋಶದ ಜೀವಿ ಮಾತ್ರ ಒಡೆಯುವುದಿಲ್ಲ.

ಗದ್ದೆಯ ಅಥವಾ ಕೆರೆಯ ನೀರನ್ನು ಅಗಲ ಬಾಯಿಯ ಬಾಟಲಿಗೆ ತುಂಬಿ, ಹಿಡಿಯಷ್ಟು ಒಣಹುಲ್ಲು ಕತ್ತರಿಸಿ ಹಾಕಿ, ನೇರ ಬಿಸಿಲು ಬೀಳದ ಜಗಲಿಯ ಮೂಲೆಯಲ್ಲಿ ಐದಾರು ದಿನ ಬಿಡಿ. ನಲ್ಲಿನೀರಿನ ಕ್ಲೋರಿನ್ ಇದಕ್ಕೆ ಆಗದು. ನಾತ ಬರುತ್ತದೆ, ಮನೆಯವರು ಗೊಣಗುತ್ತಾರೆ, ಸಹಿಸಿಕೊಳ್ಳಬೇಕು. ಮೇಲ್ಮೈಯ ತೆಳು ಕೆನೆಯ ಅಡಿಯಿಂದ ಒಂದು ಹನಿ ತೆಗೆದು ಸ್ಲೈಡಿಗೆ ಹಾಕಿ. ಹತ್ತಿಯ ನಾಲ್ಕೈದು ಎಳೆ ಬಿಡಿಸಿ ಹನಿಯಲ್ಲಿ ಹಾಕಿದರೆ ಓಡುವ ಜೀವಿಗಳಿಗೆ ಬೇಲಿಯಾಗುತ್ತದೆ. ಚಪ್ಪಲಿಯ ಅಟ್ಟೆಯಂಥ, ತಿರುಗುತ್ತ ಸಾಗುವ ಜೀವಿ ಕಂಡರೆ ಪ್ಯಾರಾಮೀಸಿಯಂ. ಸಿಗದಿದ್ದರೆ ಇನ್ನೊಂದು ಕೆರೆಯ ನೀರಿನಿಂದ ಮತ್ತೊಂದು ಬಾಟಲಿ ಹೂಡಿ.

ಬೇಲಿಗೆ ಸಿಕ್ಕಿ ನಿಂತದ್ದನ್ನು 400 ಪಟ್ಟಿನಲ್ಲಿ ಹಿಡಿಯಿರಿ. ಎರಡು ತುದಿಗಳ ಹತ್ತಿರ ಒಂದೊಂದು ಪಾರದರ್ಶಕ ಗುಳ್ಳೆ ನಿಧಾನಕ್ಕೆ ಉಬ್ಬಿ, ತಟ್ಟನೆ ಮಾಯವಾಗುತ್ತದೆ, ಮತ್ತೆ ಉಬ್ಬುತ್ತದೆ. ಪೊರೆಯ ಮೂಲಕ ಬಿಡದೆ ಒಳಬರುವ ನೀರನ್ನು ಅದು ಗೋರಿ ಗೋರಿ ಹೊರಚೆಲ್ಲುತ್ತಿದೆ. ಒಂದು ಗುಳ್ಳೆಯನ್ನೇ ನೋಡುತ್ತ, ಮಾಯವಾಗುವುದರಿಂದ ಮುಂದಿನ ಸಲ ಮಾಯವಾಗುವವರೆಗೆ ಎಷ್ಟು ಸೆಕೆಂಡು ಅಂತ ಹತ್ತು ಸಲ ಎಣಿಸಿ ಬರೆಯಿರಿ. ಆಮೇಲೆ ಒಂದು ಲೋಟ ನೀರಿಗೆ ಒಂದೇ ಚಿಟಿಕೆ ಉಪ್ಪು ಕದಡಿ, ಆ ನೀರನ್ನು ಟಿಶ್ಯೂ ಉಪಾಯದಿಂದ ಮೆಲ್ಲಗೆ ಹಾಯಿಸಿ, ಐದು ನಿಮಿಷ ಬಿಟ್ಟು ಮತ್ತೆ ಹತ್ತು ಸಲ ಎಣಿಸಿ. ಎರಡನೇ ಪಟ್ಟಿಯ ಅಂಕಿಗಳು ಮೊದಲನೆಯದಕ್ಕಿಂತ ದೊಡ್ಡದಾಗಿದ್ದರೆ ಪಂಪು ನಿಧಾನವಾಗಿದೆ ಅಂತ ಲೆಕ್ಕ. ಕರೆಂಟು ಹೋದರೆ ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳಿ, ಮೋಡದ ಬೆಳಕಿನಲ್ಲೂ ಕಾಣುತ್ತದೆ.